ಆರಾಮವಾಗಿರುವ ಕೂಸಿಗೆ ದವಾಖಾನೆಯೇಕೆ?

ದವಾಖಾನೆಯೆಂಬುದು ರೋಗಿಗಳಿಗಾಗಿ ಕಟ್ಟಿದ ಮನೆಯೆಂಬ ಭಾವನೆ ನಮ್ಮ ಜನರಲ್ಲಿ ಬಹುಕಾಲದಿಂದ ಬೇರೂರಿ ನಿಂತಿರುವುದರಿಂದ, ಮೈಯಲ್ಲಿ ಯಾವ ಬೇನೆಯೂ ಇಲ್ಲದೆ, ಹೊಟ್ಟೆ ತುಂಬ ಹಾಲು ಕುಡಿದು, ಎಚ್ಚರವಿದ್ದಷ್ಟು ಹೊತ್ತು ಕೈಕಾಲು ಬಡಿದು ಆಡುವ ಒಂದೂವರೆ ತಿಂಗಳ ಕೂಸನ್ನು ಕುಂಚಿಗೆ ಕಟ್ಟಿ ಎತ್ತಿಕೊಂಡು, ತಿಕೋಟಾದಿಂದ ಅಥಣಿಯ ರಸ್ತೆಯನ್ನೋ ಬಬಲೇಶ್ವರದಿಂದ ಜಮಖಂಡಿಯ ರಸ್ತೆಯನ್ನೋ ಹಿಡಿದು ವಿಜಯಪುರಕ್ಕೆ ಬರಬೇಕು, ಇಲ್ಲವೆ ಊರಿನದೇ ಸರಕಾರಿ ದವಾಖಾನೆಯ ಕಟ್ಟೆಯ ಮೇಲೆ ಗುರುವಾರದ ಮುಂಜಾನೆ ಸರದಿಗಾಗಿ ಕಾದು ಕುಳಿತಿರಬೇಕು ಎಂದರೆ, ಮನೆಗೆ ಹಿರಿಯಳಾದ ಆಯಿಗೆ ಅದು ವಿಚಿತ್ರವಾಗಿ ತೋರುವುದು ಸಹಜವೇ ಸರಿ. “ಕೂಸು ಆರಾಮ ಐತಿ, ಹಾಲ ಕುಡದು ಸುಮ್ಮನ ಮಲಗತೈತಿ. ಚೊಲೋ ಇದ್ದ ಕೂಸಿಗಿ ಸೂಜಿ ಮಾಡಿಸಿ ಜ್ವರಾ ಬರಿಸ್ಕೊಂಡು ಬರೂದು ಯಾವ ಶಾಣೇತನ?” ಎಂದು ಆಕೆ ಕೇಳುತ್ತಾಳೆ. ಈ ಪ್ರಶ್ನೆಯನ್ನು ಬರಿಯ ಅಜ್ಞಾನವೆಂದು ತಳ್ಳಿಹಾಕುವ ವಿದ್ಯಾವಂತರುಂಟು. ನಾನು ಆ ಪಂಕ್ತಿಗೆ ಸೇರಿದವನಲ್ಲ. ಹತ್ತಾರು ಬಾಣಂತನ ಮಾಡಿದ ಅನುಭವವೇ ಆ ಬಾಯಿಂದ ಮಾತಾಡುತ್ತಿರುವಾಗ ಅದಕ್ಕೆ ಸಮಾಧಾನವಾಗಿ, ಸಕಾರಣವಾಗಿ ಉತ್ತರ ಹೇಳತಕ್ಕದ್ದು ತಿಳಿದವರ ಕರ್ತವ್ಯ. ಆ ಕರ್ತವ್ಯವನ್ನು ನಾವು ಬಹುಮಟ್ಟಿಗೆ ಒಬ್ಬ ಆಶಾ ಕಾರ್ಯಕರ್ತೆಯ ತಲೆಯ ಮೇಲೆ ಹೊರಿಸಿ ಸುಮ್ಮನಾಗಿದ್ದೇವೆ.

ಔಷಧವು ಬಂದ ರೋಗವನ್ನು ಕಳೆಯುವ ಸಾಧನ. ಲಸಿಕೆಯಾದರೋ ಇನ್ನೂ ಬಾರದಿರುವ ರೋಗದ ಚಹರೆಯನ್ನು ದೇಹಕ್ಕೆ ಮುಂಗಡವಾಗಿ ತೋರಿಸಿಡುವ ಉಪಾಯ. ಹಾಗೆ ತೋರಿಸಿದ ಮೇಲೆ ದೇಹವು ತನ್ನ ರಕ್ಷಣಾ ದ್ರವ್ಯವನ್ನು ಸಿದ್ಧಪಡಿಸಿಕೊಳ್ಳಲು ಕೆಲವು ವಾರಗಳೇ ಬೇಕಾಗುವುದರಿಂದ, ರೋಗವು ಹೊಸ್ತಿಲು ದಾಟಿದ ಬಳಿಕ ಲಸಿಕೆಗಾಗಿ ಓಡುವುದು ಬಹುಮಟ್ಟಿಗೆ ನಿಷ್ಫಲ. ಕೂಸು ಆರಾಮವಾಗಿರುವ ಕಾಲವೇ ಅದಕ್ಕೆ ತಕ್ಕ ಕಾಲ. ಹಾಗಾದರೆ ವರುಷ ತುಂಬಿ ಮೈ ಗಟ್ಟಿಯಾದ ಮೇಲೆ ಎಲ್ಲವನ್ನೂ ಒಟ್ಟಿಗೇ ಹಾಕಿಸಬಾರದೇಕೆ ಎಂದರೆ, ಶತ್ರುಗಳು ಅಷ್ಟು ಕಾಲ ಕಾಯುವುದಿಲ್ಲವೆಂಬುದೇ ಉತ್ತರ. ಕಾಮಾಲೆಯ ಒಂದು ಬಗೆಯಾದ ಹೆಪಟೈಟಿಸ್ ‘ಬಿ’ ಹೆರಿಗೆಯ ಸಮಯದಲ್ಲಿಯೇ ತಾಯಿಯಿಂದ ಶಿಶುವಿಗೆ ದಾಟಬಲ್ಲುದು. ಹಾಗೆ ದಾಟಿಸಿಕೊಂಡ ಹತ್ತು ಶಿಶುಗಳಲ್ಲಿ ಸುಮಾರು ಒಂಬತ್ತು ಜೀವಮಾನವಿಡೀ ಅದನ್ನು ಯಕೃತ್ತಿನಲ್ಲಿ ಹೊತ್ತಿರಬೇಕಾಗುತ್ತದೆ. ಆದಕಾರಣ ಅದರ ಮೊದಲ ಸೂಜಿಯನ್ನು ಜನಿಸಿದ 24 ಗಂಟೆಗಳೊಳಗಾಗಿ ಹಾಕತಕ್ಕದ್ದೆಂದು ವಿಧಿಸಿದ್ದಾರೆ. ಅದರೊಡನೆಯೇ ಪೋಲಿಯೊದ ಎರಡು ಹನಿ ಬಾಯಿಗೆ, ಕ್ಷಯದ ವಿರುದ್ಧ ಬಿ.ಸಿ.ಜಿ. ಎಡ ತೋಳಿಗೆ. ನಾಯಿಕೆಮ್ಮು ಅತಿ ಹೆಚ್ಚಾಗಿ ಕೊಲ್ಲುವುದು ಮೊದಲ ಕೆಲವು ತಿಂಗಳ ಹಸುಗೂಸುಗಳನ್ನಾದ್ದರಿಂದ ಅದರ ಲಸಿಕೆ ಆರನೆಯ ವಾರದಲ್ಲಿಯೇ ಮೊದಲಾಗುತ್ತದೆ. ದಡಾರದ್ದು ಮಾತ್ರ ಒಂಬತ್ತು ತಿಂಗಳು ತುಂಬುವ ತನಕ ತಡೆಯುತ್ತದೆ. ಅದೇಕೆಂದರೆ ಗರ್ಭದಲ್ಲಿರುವಾಗ ತಾಯಿ ಮಗುವಿಗೆ ಕೊಟ್ಟ ರಕ್ಷಣೆಯೇ ಅಲ್ಲಿಯವರೆಗೆ ರಕ್ತದಲ್ಲಿ ಉಳಿದುಕೊಂಡು, ಹೊಸ ಲಸಿಕೆಯನ್ನು ಕೆಲಸ ಮಾಡಗೊಡದೆ ಅಳಿಸಿಬಿಡಬಹುದು. ಹೀಗೆ ಲಸಿಕೆಗಳನ್ನು ಗುರುತುಹಾಕುವ ತಾಯಿ ಕಾರ್ಡಿನ ಮೇಲೆ ಚೌಕ ಚೌಕವಾಗಿ ಅಚ್ಚಾಗಿರುವ ಆ ತಾರೀಖುಗಳ ಹಿಂದೆ ಸರಕಾರದ ಹಟಕ್ಕಿಂತ ಹೆಚ್ಚಾಗಿ ಶಿಶುದೇಹದ ನಿಯಮವಿದೆ.

ಈ ವ್ಯವಸ್ಥೆ ನಮ್ಮಲ್ಲಿಗೆ ಬಂದ ಬಗೆಯೂ ಸ್ವಾರಸ್ಯವಾದದ್ದು. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರನು 1796ರ ಮೇ 14ರಂದು ಗೋಸಿಡುಬಿನ ರಸವನ್ನು ಒಬ್ಬ ಬಾಲಕನ ತೋಳಿಗೆ ಹಾಕಿದ ಆರು ವರ್ಷಗಳ ತರುವಾಯ, ಆ ರಸ ಬಾಗ್ದಾದು, ಬಸ್ರಾಗಳನ್ನು ಹಾಯ್ದು ಮುಂಬಯಿಗೆ ಬಂದಿತು. 1802ರ ಜೂನ್ 14ರಂದು ಅಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಬಾಲಿಕೆ ಭಾರತದಲ್ಲಿ ಸಿಡುಬಿನ ಲಸಿಕೆ ಫಲಿಸಿದ ಮೊದಲ ಮಗುವಾದಳು. ರಸವನ್ನು ಕಾಪಾಡಿ ಇಡುವ ತಂಪು ಪೆಟ್ಟಿಗೆಗಳು ಆಗ ಎಲ್ಲಿಯವು? ಆ ಮಗುವಿನ ತೋಳಿನಲ್ಲಿ ಎದ್ದ ಗುಳ್ಳೆಯಿಂದ ಇನ್ನೊಂದು ಮಗುವಿಗೆ, ಅದರ ತೋಳಿನಿಂದ ಮತ್ತೊಂದಕ್ಕೆ, ಹೀಗೆ ತೋಳಿನಿಂದ ತೋಳಿಗೆ ಅದು ದೇಶವನ್ನೆಲ್ಲ ಸಂಚರಿಸಬೇಕಾಯಿತು. ಮರುವರ್ಷ ಸ್ಪೇನಿನ ಅರಸನು ತನ್ನ ಅಮೆರಿಕದ ಸಂಸ್ಥಾನಗಳಿಗೆ ಇದೇ ಲಸಿಕೆಯನ್ನು ಕಳುಹಿಸಿದಾಗ 22 ಅನಾಥ ಬಾಲಕರನ್ನು ಹಡಗಿನಲ್ಲಿ ಕೂರಿಸಿ, ಸಮುದ್ರ ದಾಟುವವರೆಗೆ ಒಬ್ಬನಾದ ಮೇಲೊಬ್ಬನ ತೋಳಿನಲ್ಲಿ ಅದನ್ನು ಜೀವಂತವಾಗಿ ಇರಿಸಿದರು. ಆ ಬಾಲಕರನ್ನು ಯಾರೂ ಒಪ್ಪಿಗೆ ಕೇಳಿರಲಿಕ್ಕಿಲ್ಲ. ಆದರೂ ಇಂದು ಹೊಸದಾಗಿ ಸಿಡುಬನ್ನು ಕಾಣುವ ತಾಯಿ ಭೂಮಂಡಲದಲ್ಲಿ ಒಬ್ಬಳೂ ಇಲ್ಲ. 1975ರ ಮೇ ತಿಂಗಳಿನ ಬಳಿಕ ಭಾರತದಲ್ಲಿ ಅದು ಕಾಣಲಿಲ್ಲ; 1980ರಲ್ಲಿ ಲೋಕವೇ ಅದರಿಂದ ಮುಕ್ತವಾಯಿತೆಂದು ಸಾರಲಾಯಿತು. ನೈಸರ್ಗಿಕ ರೋಗಾಣುವಿನ ಪೋಲಿಯೊ ಕೂಡ 2011ರ ಜನವರಿಯಲ್ಲಿ ಬಂಗಾಲದ ಹಾವಡಾ ಜಿಲ್ಲೆಯ ಒಂದು ಮಗುವಿನಲ್ಲಿ ಕಡೆಯದಾಗಿ ಕಂಡು, 2014ರ ಮಾರ್ಚಿನಲ್ಲಿ ದೇಶವು ಅದರ ಪೀಡೆಯಿಂದ ಬಿಡುಗಡೆ ಹೊಂದಿದ ಪ್ರಮಾಣಪತ್ರವನ್ನು ಪಡೆಯಿತು.

ಈಗ ಆ ತೋಳುಗಳ ಕೆಲಸವನ್ನು ಮಾಡುವುದು ಶೀತಪೆಟ್ಟಿಗೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಮಾನ 40 ಡಿಗ್ರಿಯನ್ನು ಮೀರುವ ನಮ್ಮ ಸೀಮೆಯಲ್ಲಿ, ಹೆಚ್ಚಿನ ಲಸಿಕೆಗಳು ತಯಾರಾದ ಕಾರಖಾನೆಯಿಂದ ಕೂಸಿನ ತೊಡೆಯವರೆಗೆ ಎಲ್ಲಿಯೂ 2ರಿಂದ 8 ಡಿಗ್ರಿಯ ಮೇರೆಯನ್ನು ದಾಟದಂತೆ ಬರಬೇಕು. ಬಿಸಿಲಿಗೆ ಕೆಲವು ಲಸಿಕೆಗಳು ಕೆಟ್ಟರೆ, ಮಂಜುಗಡ್ಡೆಗೆ ತಾಗಿ ಹೆಪ್ಪುಗಟ್ಟಿದರೆ ಬೇರೆ ಕೆಲವು ಕೆಡುತ್ತವೆ. ಸಿಸ್ಟರ್ ಅವರ ಹೆಗಲಿಗೆ ತೂಗುಬಿದ್ದ ನೀಲಿ ಡಬ್ಬಿಯೊಳಗಿನ ಪುಟ್ಟ ಶೀಷೆಯನ್ನು ಒಮ್ಮೆ ಕೇಳಿ ಪಡೆದು ನೋಡಿರಿ. ಅದರ ಮೇಲೆ ಒಂದು ನೇರಳೆ ವೃತ್ತವೂ ಆ ವೃತ್ತದ ನಡುವೆ ಒಂದು ತಿಳಿಬಣ್ಣದ ಚೌಕವೂ ಮುದ್ರಿತವಾಗಿರುತ್ತವೆ. ಬಿಸಿ ತಾಗಿದಷ್ಟೂ ಒಳಗಿನ ಚೌಕ ಕಪ್ಪಾಗುತ್ತ ಹೋಗುತ್ತದೆ. ಮತ್ತೆ ತಂಪಿನಲ್ಲಿಟ್ಟರೂ ಅದು ತಿಳಿಯಾಗದು. ಚೌಕ ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಉಪಯೋಗ್ಯ, ಎರಡೂ ಒಂದೇ ಬಣ್ಣಕ್ಕೆ ಬಂದಿದ್ದರೆ ತ್ಯಾಜ್ಯ. ಅಕ್ಷರ ಬಾರದ ಆಯಿಯೂ ಓದಬಹುದಾದ ಇಂಥ ಪ್ರಾಮಾಣಿಕ ಬರವಣಿಗೆ ಸರಕಾರಿ ಕಾಗದಪತ್ರಗಳಲ್ಲಿ ವಿರಳ. ಬಿ.ಸಿ.ಜಿ. ಮತ್ತು ದಡಾರದ ಲಸಿಕೆಗಳು ಪುಡಿಯ ರೂಪದಲ್ಲಿದ್ದು, ದ್ರಾವಣದಲ್ಲಿ ಕಲಸಿದ ನಾಲ್ಕು ಗಂಟೆಗಳ ಮೇಲೆ ಅವನ್ನು ಚೆಲ್ಲಿಬಿಡಬೇಕು. “ಇನ್ನೆರಡು ಕೂಸು ಬರ್ಲಿ, ಆಮ್ಯಾಲೆ ಒಡಿಯೂಣು” ಎಂಬ ಮಾತು ಆಗಾಗ ಕಿವಿಗೆ ಬೀಳುವುದು ಈ ಕಾರಣದಿಂದಲೇ. ನಿಯಮವೇನೋ ಒಂದೇ ಕೂಸು ಬಂದರೂ ಶೀಷೆಯನ್ನು ತೆರೆಯತಕ್ಕದ್ದೆಂದೇ ಹೇಳುತ್ತದೆ; ಕೂಲಿ ಬಿಟ್ಟು ಬಂದ ತಾಯಿ ಅದನ್ನು ವಿನಯದಿಂದ ನೆನಪಿಸಿದರೆ ತಪ್ಪಿಲ್ಲ.

ಇಷ್ಟಾಗಿಯೂ ಸೂಜಿಯೊಂದೇ ಆ ದಿನದ ಕೆಲಸವೆಂದು ತಿಳಿಯುವುದು ಅರ್ಧ ತಿಳಿವಳಿಕೆ. ಉಳಿದರ್ಧ ಸೂಜಿಗಿಂತ ಮೊದಲು ನಡೆಯತಕ್ಕದ್ದು. ಆರನೆಯ ವಾರದ ಭೇಟಿಯನ್ನೇ ತೆಗೆದುಕೊಳ್ಳೋಣ. ಬಾಣಂತಿಯನ್ನು ನಲವತ್ತು ದಿನ ಹೊರಗೆ ಕಳುಹಿಸದ ಸಂಪ್ರದಾಯ ವಿಜಯಪುರದ ಹಿಂದೂ ಮುಸಲ್ಮಾನ ಮನೆಗಳೆರಡರಲ್ಲಿಯೂ ಇರುವುದಷ್ಟೆ; 42ನೆಯ ದಿನಕ್ಕೆ ಬೀಳುವ ಈ ಭೇಟಿ ಆ ಸಂಪ್ರದಾಯಕ್ಕೆ ಸ್ವಲ್ಪವೂ ಭಂಗ ತರದಿರುವುದು ಒಂದು ಸುಯೋಗ. ಮೊದಲು ತೂಕ. ಕುಂಚಿಗೆ, ಸ್ವೆಟರು, ಕಾಲುಚೀಲ, ಸೊಂಟದ ಕರಿದಾರಕ್ಕೆ ಕಟ್ಟಿದ ತಾಯತ, ಇವುಗಳ ಭಾರವನ್ನೆಲ್ಲ ಕೂಸಿನ ತೂಕಕ್ಕೆ ಸೇರಿಸಿ ಬರೆದರೆ ಆ ಲೆಕ್ಕ ಯಾರಿಗೂ ಉಪಕಾರವಿಲ್ಲ. ಬಟ್ಟೆ ಬಿಚ್ಚಲು ಆಯಿ ಎಷ್ಟು ಗೊಣಗಿದರೂ ಬಿಚ್ಚಿಸಲೇಬೇಕು. ಹುಟ್ಟಿದ ಮೊದಲ ವಾರದಲ್ಲಿ ಕೂಸು ಸ್ವಲ್ಪ ಇಳಿಯುವುದುಂಟು, ಅದಕ್ಕೆ ಹೆದರಬೇಕಾದದ್ದಿಲ್ಲ; ಆ ಬಳಿಕ ಮೊದಲ ಮೂರು ತಿಂಗಳು ದಿನಕ್ಕೆ 20ರಿಂದ 30 ಗ್ರಾಮಿನಂತೆ ಏರುತ್ತ, ಐದನೆಯ ತಿಂಗಳ ಹೊತ್ತಿಗೆ ಹುಟ್ಟಿದ ತೂಕದ ಇಮ್ಮಡಿಯೂ ವರುಷಕ್ಕೆ ಮುಮ್ಮಡಿಯೂ ಆಗುವುದು ಸಾಧಾರಣ ಕ್ರಮ. ತಾಯಿ ಕಾರ್ಡಿನಲ್ಲಿ ಹಸಿರು, ಹಳದಿ, ಕಿತ್ತಳೆ ಬಣ್ಣಗಳ ಪಟ್ಟಿಗಳಿರುವ ಒಂದು ನಕ್ಷೆಯುಂಟು. ಈ ತಿಂಗಳಿನ ಚುಕ್ಕೆ ಯಾವ ಬಣ್ಣದಲ್ಲಿ ಬಿತ್ತೆಂಬುದಕ್ಕಿಂತ, ಹೋದ ತಿಂಗಳಿನ ಚುಕ್ಕೆಗೂ ಇದಕ್ಕೂ ಎಳೆದ ಗೆರೆ ಏರುತ್ತಿದೆಯೋ ನೆಲಕ್ಕೆ ಸಮವಾಗಿ ಮಲಗಿದೆಯೋ ಎಂಬುದೇ ಮುಖ್ಯ. ಹಸಿರಿನಲ್ಲಿದ್ದೂ ಗೆರೆ ಮಲಗಿದ ಕೂಸು ಚಿಂತೆಗೆ ಕಾರಣ. ಹಳದಿಯಲ್ಲಿದ್ದೂ ಗೆರೆ ಮೇಲೇರುತ್ತಿರುವ ಕೂಸು ಸುಧಾರಿಸುತ್ತಿದೆ.

ತರುವಾಯ ವೈದ್ಯರು ತಲೆಯ ಸುತ್ತಳತೆಗೆ ಟೇಪು ಹಿಡಿಯುತ್ತಾರೆ, ನೆತ್ತಿಯನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ ಉಬ್ಬಿದೆಯೋ ಕುಸಿದಿದೆಯೋ ನೋಡುತ್ತಾರೆ, ಎದೆಗೆ ಕೊಳವೆಯಿಟ್ಟು ಆಲಿಸುತ್ತಾರೆ, ತೊಡೆಗಳನ್ನು ಅಗಲಿಸಿ ಸೊಂಟದ ಕೀಲನ್ನು ಪರೀಕ್ಷಿಸುತ್ತಾರೆ, ಕಣ್ಣಿನ ಪಾಪೆಯಲ್ಲಿ ಬಿಳುಪು ಕಾಣುತ್ತದೆಯೇ ಎಂದು ಬೆಳಕು ಬಿಟ್ಟು ನೋಡುತ್ತಾರೆ. ಅವಸರವಿಲ್ಲದ ಒಬ್ಬ ವೈದ್ಯರಿದ್ದರೆ ಇದೆಲ್ಲ ಐದು ನಿಮಿಷದ ಕೆಲಸ. ಆದರೆ ಹುಟ್ಟಿನಿಂದಲೇ ಬಂದ ಹೃದಯದ ದೋಷವಾಗಲಿ, ಕಣ್ಣಿನ ಪೊರೆಯಾಗಲಿ, ಕಿವುಡಾಗಲಿ ಮೊದಲು ಗೊತ್ತಾಗುವುದು ಇಂಥ ಐದು ನಿಮಿಷಗಳಲ್ಲಿಯೇ, ಮತ್ತು ಗೊತ್ತಾದರೆ ತಾನೇ ಚಿಕಿತ್ಸೆ. ಕೂಸು ಮುಖ ನೋಡಿ ನಗುತ್ತದೆಯೇ, ಸಪ್ಪಳಕ್ಕೆ ಬೆಚ್ಚುತ್ತದೆಯೇ ಎಂದು ಅವರು ಕೇಳಿದರೆ ಅದು ಕುಶಲಪ್ರಶ್ನೆಯಲ್ಲವೆಂಬುದನ್ನು ತಾಯಂದಿರು ತಿಳಿಯಬೇಕು. ಎರಡು ತಿಂಗಳ ಸುಮಾರಿಗೆ ಮುಖ ನೋಡಿ ನಗುವುದೂ, ನಾಲ್ಕು ತಿಂಗಳಿಗೆ ಕತ್ತು ನಿಲ್ಲುವುದೂ ಮೆದುಳು ನೆಟ್ಟಗೆ ಬೆಳೆಯುತ್ತಿರುವುದರ ಗುರುತುಗಳು. ತಾಯಿಗೂ ಪ್ರಶ್ನೆಗಳಿರುತ್ತವೆ, ಸರದಿಯ ಗದ್ದಲದಲ್ಲಿ ಅವು ಮರೆತುಹೋಗುವುದರಿಂದ ಹಿಂದಿನ ರಾತ್ರಿಯೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದು ಮೇಲು. ನಮ್ಮ ಬೇಸಗೆಯಲ್ಲಿ ಮನೆಮನೆಯಲ್ಲಿಯೂ ಏಳುವ ಒಂದು ಪ್ರಶ್ನೆಯಂತೂ ಗೊತ್ತಿರುವುದೇ: ಇಂಥ ಉರಿಬಿಸಿಲಿನಲ್ಲಿ ಕೂಸಿಗೆ ಒಂದು ಗುಟುಕು ನೀರು ಕುಡಿಸಬಾರದೆ? ಬಾರದು. ತಾಯಿಹಾಲಿನಲ್ಲಿ ನೂರಕ್ಕೆ ಎಂಬತ್ತೇಳೆಂಟು ಪಾಲು ನೀರೇ. ಆರು ತಿಂಗಳವರೆಗೆ ಬಿಸಿಲು ಹೆಚ್ಚಾದರೆ ಹಾಲನ್ನೇ ಹೆಚ್ಚು ಸಾರಿ ಕುಡಿಸಬೇಕು. ಹೊರಗಿನ ನೀರು, ಜೇನು, ಗುಟ್ಟಿ ಇವೆಲ್ಲ ಆ ಪುಟ್ಟ ಕರುಳಿಗೆ ಭೇದಿಯ ಬಾಗಿಲು.

ಆಮೇಲೆ ಬರುತ್ತದೆ ಸೂಜಿ. ಬಾಯಿಗೆ ಪೋಲಿಯೊ ಮತ್ತು ರೋಟಾ ಲಸಿಕೆಗಳು. ಎಡ ತೊಡೆಗೆ ಪೆಂಟಾವಲೆಂಟ್, ಅದೊಂದರಲ್ಲಿಯೇ ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ‘ಬಿ’ ಮತ್ತು ಹಿಬ್ ರೋಗಾಣು ಎಂಬ ಐದರ ವಿರುದ್ಧ ರಕ್ಷಣೆ. ಬಲ ತೊಡೆಗೆ ನ್ಯೂಮೋನಿಯಾದ ಪಿ.ಸಿ.ವಿ.; ಬಲ ತೋಳಿನ ಚರ್ಮದ ಪದರಿಗೆ ಪೋಲಿಯೊದ ಚುಚ್ಚುಮದ್ದು. ಈ ಕಡೆಯದನ್ನು ಪೂರ್ಣ ಪ್ರಮಾಣದ ಐದನೆಯ ಒಂದು ಭಾಗದಲ್ಲಿ, ಚರ್ಮದೊಳಗೆ ಕೊಡುವ ಕ್ರಮವನ್ನು 2016ರಲ್ಲಿ ಮೊದಲು ಅನುಸರಿಸಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಒಂದೇ ದಿನಕ್ಕೆ ಇಷ್ಟೊಂದೇ ಎಂದು ಬೆರಗಾಗುವವರಿಗೆ ಒಂದು ಮಾತು: ಕೂಸು ನೆಲದಿಂದ ಎತ್ತಿ ಬಾಯಿಗಿಡುವ ಒಂದು ಚಿಂದಿಯಲ್ಲಿ ಇದಕ್ಕಿಂತ ಎಷ್ಟೋ ಪಾಲು ಹೆಚ್ಚು ಬಗೆಯ ರೋಗಾಣುಗಳನ್ನು ಅದರ ದೇಹ ಎದುರಿಸುತ್ತಿರುತ್ತದೆ. ಸೂಜಿ ಚುಚ್ಚುವಾಗ ಕೂಸನ್ನು ಎದೆಗೆ ಹಚ್ಚಿಕೊಂಡು ಹಾಲು ಕುಡಿಸುತ್ತಿದ್ದರೆ ನೋವು ಕಡಿಮೆಯಾಗುವುದು ಪರೀಕ್ಷಿಸಿ ಕಂಡ ಸಂಗತಿ. ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲಿಯೇ ಕುಳಿತಿರಬೇಕು. ಬಸ್ಸು ಹೊರಟಿತೆಂದು ಓಡಬಾರದು.

ಆ ರಾತ್ರಿ ಜ್ವರ ಬರಬಹುದು, ತೊಡೆ ಬಿಸಿಯಾಗಿ ಕೂಸು ರಚ್ಚೆ ಹಿಡಿಯಬಹುದು. ಇದು ಮುಖ್ಯವಾಗಿ ನಾಯಿಕೆಮ್ಮಿನ ಅಂಶದ ಪ್ರಭಾವ. ದಿನವೊಂದೆರಡರಲ್ಲಿ ಇಳಿಯುತ್ತದೆ, ಕೂಸಿನ ತೂಕಕ್ಕೆ ತಕ್ಕಂತೆ ವೈದ್ಯರು ಹೇಳಿದಷ್ಟೇ ಪ್ಯಾರಸಿಟಮಾಲ್ ಹನಿ ಸಾಕು. ಮೂರು ತಾಸಿಗೂ ಮೀರಿ ಎಡೆಬಿಡದೆ ಅತ್ತರೆ, ಸೆಳವು ಬಂದರೆ, ಹಾಲು ಬಿಟ್ಟರೆ ಮಾತ್ರ ತಡಮಾಡದೆ ದವಾಖಾನೆಗೆ ಹೋಗಬೇಕು. ಬಿ.ಸಿ.ಜಿ. ಹಾಕಿಸಿದ ಕೆಲವು ವಾರಗಳ ಮೇಲೆ ತೋಳಿನಲ್ಲಿ ಗುಳ್ಳೆಯೆದ್ದು, ಸ್ವಲ್ಪ ಕೀವಾಗಿ, ತಾನೇ ಒಣಗಿ ಕಲೆಯಾಗುವುದು ಅಪೇಕ್ಷಿತವಾದದ್ದೇ. ಅದಕ್ಕೆ ಅರಿಸಿನವನ್ನಾಗಲಿ ಮಲಾಮನ್ನಾಗಲಿ ಹಚ್ಚತಕ್ಕದ್ದಲ್ಲ. ಪಟ್ಟಣದ ಖಾಸಗಿ ದವಾಖಾನೆಗಳಲ್ಲಿ “ನೋವಿಲ್ಲದ ಸೂಜಿ”ಯೆಂದು ಅಧಿಕ ಬೆಲೆಗೆ ದೊರೆಯುವ, ನಾಯಿಕೆಮ್ಮಿನ ಲಸಿಕೆಯ ಇನ್ನೊಂದು ಬಗೆಯುಂಟು. ಅದರಿಂದ ಜ್ವರ ಕಡಿಮೆಯೆಂಬುದು ನಿಜ. ಆದರೆ ನಾಯಿಕೆಮ್ಮಿನ ವಿರುದ್ಧ ಅದು ಕೊಡುವ ರಕ್ಷಣೆ ಬೇಗನೆ ಕ್ಷೀಣಿಸುವುದೂ ಅಷ್ಟೇ ನಿಜ. ಸರಕಾರಿ ದವಾಖಾನೆಯಲ್ಲಿ ಧರ್ಮಾರ್ಥವಾಗಿ ದೊರೆಯುವುದು ಕೀಳು, ಹಣ ತೆತ್ತದ್ದು ಮೇಲು ಎಂಬ ನಂಬಿಕೆಗೆ ಈ ವಿಷಯದಲ್ಲಿ ಆಧಾರವಿಲ್ಲ.

ನಾನು ಹೇಳಬೇಕೆಂದಿದ್ದ ಮುಖ್ಯ ವಿಷಯಕ್ಕೆ ಈಗ ಬರುತ್ತೇನೆ. ನಮ್ಮ ಕಡೆ ಲಸಿಕೆ ತಪ್ಪುವುದು ಲಸಿಕೆಯ ಮೇಲಿನ ದ್ವೇಷದಿಂದ ಅಲ್ಪ. ಕೂಸಿನ ಪಂಚಾಂಗವೂ ಮನೆಯ ಪಂಚಾಂಗವೂ ಒಂದಕ್ಕೊಂದು ಹೊಂದದಿರುವುದರಿಂದ ಅಧಿಕ. ಆರು, ಹತ್ತು, ಹದಿನಾಲ್ಕು ವಾರಗಳು ಕೂಸಿನ ಪಂಚಾಂಗ. ಚೊಚ್ಚಲ ಹೆರಿಗೆ ತವರಿನಲ್ಲಿ, ಮೂರನೆಯದೋ ಐದನೆಯದೋ ತಿಂಗಳಿಗೆ ಕೂಸನ್ನು ಗಂಡನ ಮನೆಗೆ ಕಳುಹಿಸುವುದು, ಅಷ್ಟರಲ್ಲಿ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ, ಅದರ ಬೆನ್ನಿಗೆ ದ್ರಾಕ್ಷಿಯ ಸುಗ್ಗಿ, ಶೆಡ್ಡಿನಲ್ಲಿ ಮಣೂಕ ಮಾಡುವ ಗಡಿಬಿಡಿ, ಇದು ಮನೆಯ ಪಂಚಾಂಗ. ತವರು ತಿಕೋಟಾದಲ್ಲಿ, ಅತ್ತೆಯ ಮನೆ ಬಬಲೇಶ್ವರದಲ್ಲಿ ಎಂದಿಟ್ಟುಕೊಂಡರೆ, ಹದಿನಾಲ್ಕನೆಯ ವಾರ ಸರಿಯಾಗಿ ಈ ಎರಡು ಊರುಗಳ ನಡುವೆ ಬಂದು ಬೀಳುತ್ತದೆ: ತಿಕೋಟಾದ ಆಶಾ ಅಕ್ಕ ಕೂಸು ಹೊರಟುಹೋಯಿತೆಂದು ತನ್ನ ವಹಿಯಲ್ಲಿ ಗೆರೆ ಎಳೆಯುತ್ತಾಳೆ, ಬಬಲೇಶ್ವರದ ಆಶಾಳ ವಹಿಯಲ್ಲಿ ಅದರ ಹೆಸರು ಇನ್ನೂ ಏರಿರುವುದಿಲ್ಲ. ತಾಯಿ ಕಾರ್ಡು ತವರಿನ ಟ್ರಂಕಿನಲ್ಲಿಯೇ ಉಳಿಯುತ್ತದೆ. ಬುತ್ತಿಯ ಗಂಟು, ಉಡಿ ತುಂಬಿದ ಅಕ್ಕಿ, ತೊಟ್ಟಿಲು ಎಲ್ಲವನ್ನೂ ನೆನೆದು ಕಟ್ಟಿದವರು ಅದೊಂದನ್ನು ಮರೆತಿರುತ್ತಾರೆ. ಈಚೆಗೆ ಯು-ವಿನ್ ಎಂಬ ಗಣಕಯಂತ್ರದ ದಾಖಲೆ ಬಂದಿರುವುದು ಈ ಕಂದಕವನ್ನು ಮುಚ್ಚಲಿಕ್ಕಾಗಿಯೇ. ಆದರೂ ಕಾಗದದ ಕಾರ್ಡಿಗೆ ಈಗಲೂ ಬದಲಿಲ್ಲ.

ದೀಪಾವಳಿ ಕಳೆಯುತ್ತಲೇ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೂ, ಕಟ್ಟಡದ ಕೂಲಿಗೆ ಗೋವೆಗೂ ಸಂಸಾರ ಸಮೇತ ಹೊರಡುವ ತಾಂಡಾಗಳ ಜನರ ಪಾಡು ಇನ್ನೂ ಕಠಿನ. ಅವರಿಗೆ ತಿಳಿಸಬೇಕಾದ ಒಂದು ಸಂಗತಿಯನ್ನು ಯಾರೂ ಸ್ಪಷ್ಟವಾಗಿ ತಿಳಿಸಿದಂತಿಲ್ಲ: ಈ ಲಸಿಕೆಗಳ ವೇಳಾಪಟ್ಟಿ ಮುಖ್ಯಾಂಶದಲ್ಲಿ ದೇಶಕ್ಕೆಲ್ಲ ಒಂದೇ. ಸಾಂಗಲಿಯ ಕಬ್ಬಿನ ಗದ್ದೆಯ ಹತ್ತಿರದ ಸರಕಾರಿ ದವಾಖಾನೆಯಲ್ಲಿಯೂ ಕನ್ನಡದ ಆ ಕಾರ್ಡನ್ನು ತೋರಿಸಿ ಮುಂದಿನ ಸೂಜಿಯನ್ನು ಪುಕ್ಕಟೆಯಾಗಿ ಹಾಕಿಸಬಹುದು; ಭಾಷೆ ಬೇರೆಯಾದರೂ ಚೌಕಗಳೂ ತಾರೀಖುಗಳೂ ಅವೇ.

ತಪ್ಪಿದ್ದು ತಪ್ಪಿಯೇ ಹೋಯಿತೆಂದು ಕೈಚೆಲ್ಲುವವರೂ ಅನೇಕರು. ಸಿಸ್ಟರ್ ಬೈದಾರೆಂಬ ಅಂಜಿಕೆಯಿಂದಲೇ ಮತ್ತೆ ಆ ಕಡೆ ಸುಳಿಯದವರನ್ನು ಬಲ್ಲೆ. ಒಂದೇ ಲಸಿಕೆಯ ಎರಡು ಸೂಜಿಗಳ ನಡುವೆ ನಾಲ್ಕು ವಾರಕ್ಕೆ ಕಡಿಮೆಯಾಗಬಾರದೆಂಬುದು ನಿಯಮ. ಹೆಚ್ಚಾದರೆ ರಕ್ಷಣೆ ತಡವಾಗುತ್ತದೆಯೇ ಹೊರತು ಹಿಂದೆ ಹಾಕಿಸಿದ್ದು ವ್ಯರ್ಥವಾಗುವುದಿಲ್ಲ, ಮೊದಲಿನಿಂದ ಆರಂಭಿಸಬೇಕಾದದ್ದೂ ಇಲ್ಲ. ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಮುಂದುವರಿಸಬೇಕು. ನೆಗಡಿ, ಸಣ್ಣ ಕೆಮ್ಮುಗಳೂ ಮುಂದೂಡಲು ಕಾರಣವಲ್ಲ. ಹಾಗೆ ಮುಂದೂಡುತ್ತ ಹೋದುದರ ಫಲವನ್ನು ಉತ್ತರ ಕರ್ನಾಟಕದ ಹಳ್ಳಿಗಳು ಕಳೆದ ದಶಕದಲ್ಲಿ ಕಂಡಿವೆ: ಮರೆಯಾಯಿತೆಂದು ವೈದ್ಯರೇ ನಂಬಿದ್ದ ಗಂಟಲುಮಾರಿ, ಲಸಿಕೆ ಅರ್ಧಕ್ಕೆ ನಿಂತ ಮಕ್ಕಳ ಗಂಟಲಿನಲ್ಲಿ ಬೂದುಬಣ್ಣದ ಪೊರೆಯಾಗಿ ಮತ್ತೆ ಕಾಣಿಸಿಕೊಂಡಿತು.

ಹದಿನಾಲ್ಕನೆಯ ವಾರದ ಸೂಜಿ ಮುಗಿದ ಮೇಲೆ ಒಂಬತ್ತು ತಿಂಗಳು ತುಂಬುವ ತನಕ ಸರಕಾರಿ ಪಟ್ಟಿಯಲ್ಲಿ ಯಾವ ಸೂಜಿಯೂ ಇಲ್ಲ. ಸೂಜಿಯಿಲ್ಲವೆಂದರೆ ಭೇಟಿಯೂ ಇಲ್ಲವೆಂಬುದು ಲೋಕರೂಢಿ. ನನಗೆ ಅತ್ಯಂತ ಆತಂಕವೆನಿಸುವುದು ಈ ಐದಾರು ತಿಂಗಳ ಮೌನವೇ. ತಾಯಿಹಾಲಿನ ಜೊತೆಗೆ ಬೇರೆ ಅನ್ನ ಮೊದಲಾಗುವುದು ಆರು ತಿಂಗಳು ತುಂಬಿದ ಮೇಲೆ. ತೂಕದ ಗೆರೆ ಮಲಗಲು ತೊಡಗುವುದೂ ಹೆಚ್ಚಾಗಿ ಅದೇ ಕಾಲಕ್ಕೆ. ನೀರಾದ ಬೇಳೆಕಟ್ಟನ್ನೂ ಬಿಸ್ಕೀಟನ್ನೂ ಕೊಟ್ಟು ಉಣಿಸಿದೆವೆಂದುಕೊಳ್ಳುವ ಮನೆಗಳಿಗೆ ಲೆಕ್ಕವಿಲ್ಲ. ಆಶಾ ಕಾರ್ಯಕರ್ತೆಯರು ಮೂರು, ಆರು, ಒಂಬತ್ತು, ಹನ್ನೆರಡು, ಹದಿನೈದನೆಯ ತಿಂಗಳುಗಳಲ್ಲಿ ಮನೆಗೆ ಬಂದು ಕೂಸನ್ನು ನೋಡಬೇಕೆಂಬ ಏರ್ಪಾಟು ಇರುವುದು ಈ ಅಂತರವನ್ನು ತುಂಬಲಿಕ್ಕಾಗಿಯೇ. ಆರನೆಯ ತಿಂಗಳಿಗೆ ಅವರು ಬಂದಾಗ “ಸೂಜಿ ಎಲ್ಲಾ ಆಗ್ಯಾವಕ್ಕಾ” ಎಂದು ಬಾಗಿಲಿನಿಂದಲೇ ಬೀಳ್ಕೊಡದೆ, ಕೂಸಿಗೆ ಉಣಿಸುವ ಬಟ್ಟಲನ್ನೂ ಅದರಲ್ಲಿ ಕಲಸಿದ್ದನ್ನೂ ಅವರಿಗೆ ತೋರಿಸಬೇಕು. ಜೋಳದ ಹಿಟ್ಟಿನ ಗಂಜಿಯಾಗಲಿ, ಅನ್ನ ಬೇಳೆಯಾಗಲಿ, ಚಮಚ ಓರೆ ಮಾಡಿದರೆ ಹರಿದುಹೋಗದಷ್ಟು ಗಟ್ಟಿಯಾಗಿರಬೇಕು, ಮೇಲೆ ಒಂದು ಚಮಚ ತುಪ್ಪವೋ ಎಣ್ಣೆಯೋ ಬಿದ್ದಿರಬೇಕು. ಅದೇ ವಾರ ಅಂಗನವಾಡಿಯ ತಕ್ಕಡಿಯಲ್ಲಿ ಕೂಸನ್ನು ತೂಗಿಸಿ, ಕಾರ್ಡಿನ ನಕ್ಷೆಯಲ್ಲಿ ಚುಕ್ಕೆಯಿಡಿಸಿ, ಹಿಂದಿನ ಚುಕ್ಕೆಗೆ ಗೆರೆ ಎಳೆಸಿಕೊಂಡು ಬರುವ ಕೆಲಸವನ್ನು, ಶಾಣೇತನದ ಪ್ರಶ್ನೆ ಕೇಳಿದ ಆಯಿಗೇ ಒಪ್ಪಿಸಬಹುದು. ಸೂಜಿಯಿಲ್ಲದ ಭೇಟಿಗೆ ಆಕೆಯ ತಕರಾರೇನೂ ಇರಲಿಕ್ಕಿಲ್ಲ.